ಸತ್ತವರಿಗೆ ಕಾಗದ ಬರೆದ ಊರು

ಪುರಾತನ ಈಜಿಪ್ಟ್ ಎಂದೊಡನೆ ಪಿರಮಿಡ್ಡು, ಮಮ್ಮಿ, ಚಿನ್ನದ ಮುಖವಾಡಗಳು ನೆನಪಾಗುತ್ತವೆ. ಸಾವನ್ನು ಆ ಜನ ಹೇಗೆ ಬಾಳಿದರು ಎಂಬುದು ಮಾತ್ರ ಹೆಚ್ಚು ಸ್ಪಷ್ಟವಾಗಿ ಕಾಣುವುದು ರಾಜರ ಗೋರಿ ಕೊರೆಯುತ್ತಿದ್ದ ಕಸುಬುದಾರರ ಊರಿನಲ್ಲಿ.

ಆ ಊರಿಗೆ ಹೋಗುವ ಮೊದಲು ಬೇರೆಡೆಯ ಒಂದು ಕಾಗದ. ಹೆಂಡತಿ ತೀರಿಕೊಂಡು ಮೂರು ವರ್ಷವಾದ ಮೇಲೆ ಗಂಡನೊಬ್ಬ ಅವಳಿಗೊಂದು ಕಾಗದ ಬರೆದ. ವಿರಹದ ಕಾಗದವಲ್ಲ, ತಕರಾರಿನ ಕಾಗದ. ನಿನಗೆ ನಾನೇನು ಅನ್ಯಾಯ ಮಾಡಿದೆನೆಂದು ನನ್ನನ್ನು ಈ ಗತಿಗೆ ತಂದೆ ಎಂದು ಜಗಳ ತೆಗೆಯುತ್ತಾನೆ. ಹುಡುಗನಾಗಿದ್ದಾಗಲೇ ನಿನ್ನ ಕೈಹಿಡಿದೆ, ದೊಡ್ಡ ಹುದ್ದೆಗೆ ಏರಿದ ಮೇಲೂ ಬಿಡಲಿಲ್ಲ. ನೀನು ಕಾಯಿಲೆ ಬಿದ್ದಾಗ ದೊಡ್ಡ ವೈದ್ಯನನ್ನೇ ಕರೆಸಿದೆ. ನೀನು ಹೋದಾಗ ನಾನು ಫೇರೋ ಜೊತೆ ದಕ್ಷಿಣದಲ್ಲಿದ್ದೆ. ತಿಂಗಳುಗಟ್ಟಲೆ ಮನುಷ್ಯರಂತೆ ಉಣ್ಣಲಿಲ್ಲ, ಕುಡಿಯಲಿಲ್ಲ. ಮೆಂಫಿಸ್‌ಗೆ ಬಂದು ಮನೆಮಂದಿಯ ಜೊತೆ ಕೂತು ಅತ್ತೆ, ನಿನಗೆ ಸುತ್ತಲು ಒಳ್ಳೆಯ ಲಿನನ್ ಬಟ್ಟೆ ಕೊಟ್ಟೆ. ಈಗ ಮೂರು ವರ್ಷದಿಂದ ಒಂಟಿ. ಮನೆಯಲ್ಲಿರುವ ಹೆಂಗಸರಲ್ಲಿ ಒಬ್ಬಳ ಹತ್ತಿರವೂ ಸುಳಿದಿಲ್ಲ. ಇಷ್ಟಾದರೂ ಕಾಡುತ್ತೀಯಾದರೆ ಪಶ್ಚಿಮದ, ಎಂದರೆ ಸತ್ತವರ ಲೋಕದ, ದೇವತೆಗಳ ಮುಂದೆ ನಿನ್ನ ಮೇಲೆ ದಾವೆ ಹೂಡುತ್ತೇನೆ. ಕಾಗದದ ಸಾರ ಇಷ್ಟು.

ಹೆಂಡತಿಯ ಹೆಸರು ಅಂಖಿರಿ. ಕಾಲ 19ನೇ ರಾಜವಂಶದ್ದು, ಎಂದರೆ ಸುಮಾರು 3,200 ವರ್ಷಗಳ ಹಿಂದಿನದು. ಹೆಂಗಸಿನ ಆಕಾರದ ಮರದ ಬೊಂಬೆಯೊಂದಕ್ಕೆ ಕಟ್ಟಿ ಇಟ್ಟಿದ್ದ ಈ ಪಪೈರಸ್ ಈಗ ನೆದರ್ಲೆಂಡ್ಸ್‌ನ ಲೈಡನ್ ವಸ್ತುಸಂಗ್ರಹಾಲಯದಲ್ಲಿದೆ. ಸತ್ತವರಿಗೆ ಬರೆದ ಇಂಥ ಕಾಗದಗಳನ್ನು ಆ್ಯಲನ್ ಗಾರ್ಡಿನರ್ ಮತ್ತು ಕುರ್ಟ್ ಜೇಟೆ ಎಂಬ ವಿದ್ವಾಂಸರು 1928ರಲ್ಲಿ ಮೊದಲ ಬಾರಿಗೆ ಒಟ್ಟುಮಾಡಿ ಪ್ರಕಟಿಸಿದರು. ಅವುಗಳನ್ನು ಓದಿದರೆ, ಈಜಿಪ್ಟಿನವರು ಸಾವಿನ ಮೋಹಿಗಳಾಗಿದ್ದರು ಎಂಬ ಜನಪ್ರಿಯ ಕಲ್ಪನೆ ಸಡಿಲವಾಗುತ್ತದೆ. ಅವರಿಗೆ ಸತ್ತವರು ಮನೆಯ ಲೆಕ್ಕದಿಂದ ಹೊರಗೆ ಹೋದವರಲ್ಲ. ಅವರಿಗೆ ಕೊಡಬೇಕಾದದ್ದಿತ್ತು, ಅವರಿಂದ ಬರಬೇಕಾದದ್ದೂ ಇತ್ತು. ದೇವಾನುದೇವತೆಗಳ ಹೆಸರಿನಲ್ಲಿ ಕಟ್ಟಿದ ಆ ಪರಲೋಕ ದಿನನಿತ್ಯ ನಡೆಯುತ್ತಿದ್ದುದು ಗಂಡ, ಹೆಂಡತಿ, ಮಕ್ಕಳು, ನೆರೆಯವರ ನಡುವಿನ ಋಣದಿಂದ.

ಗುಂಡಿಯಲ್ಲಿ ಸಿಕ್ಕ ಊರು

ಆ ಋಣದ ಲೆಕ್ಕ ಅತಿ ಹೆಚ್ಚು ಉಳಿದಿರುವುದು ಲಕ್ಸರ್ ಎದುರಿಗೆ, ನೈಲ್ ನದಿಯ ಪಶ್ಚಿಮ ದಂಡೆಯ ಬೆಟ್ಟಗಳ ಮಡಿಲಲ್ಲಿರುವ ದೇರ್ ಎಲ್-ಮದೀನಾದಲ್ಲಿ. ರಾಜರ ಕಣಿವೆಯಲ್ಲಿ ಫೇರೋಗಳ ಗೋರಿ ಕೊರೆದು, ಗಾರೆ ಬಳಿದು, ಚಿತ್ರ ಬರೆಯುತ್ತಿದ್ದವರ ಊರು ಅದು. ಸುಮಾರು ಕ್ರಿ.ಪೂ. 1500ರಿಂದ ನಾಲ್ಕು ಶತಮಾನ ಅಲ್ಲಿ ಸಂಸಾರಗಳು ನಡೆದವು. ಗೋಡೆಯೊಳಗೆ 68 ಮನೆ, ನಡುವೆ ಒಂದು ಓಣಿ. ಕುಡಿಯುವ ನೀರು ಕೂಡ ಕತ್ತೆಗಳ ಮೇಲೆ ಹೊರಗಿನಿಂದ ಬರಬೇಕಿತ್ತು. ಯಾವಾಗಲೋ ನೀರಿಗೆಂದು 50 ಮೀಟರಿಗೂ ಹೆಚ್ಚು ಆಳದ ಗುಂಡಿ ತೋಡಿದರು, ನೀರು ಬರಲಿಲ್ಲ. ಗುಂಡಿ ಊರಿನ ಕಸದ ತೊಟ್ಟಿಯಾಯಿತು.

ಫ್ರಾನ್ಸಿನ ಪುರಾತತ್ತ್ವಜ್ಞ ಬರ್ನಾರ್ಡ್ ಬ್ರುಯೇರ್ 1922ರಿಂದ 1951ರವರೆಗೆ ಇಲ್ಲಿ ಉತ್ಖನನ ನಡೆಸಿದರು. ಆ ಗುಂಡಿಯೊಂದರಿಂದಲೇ ಬರಹವಿದ್ದ ಸಾವಿರಾರು ಮಡಕೆ ಚೂರು, ಸುಣ್ಣಕಲ್ಲಿನ ಚಕ್ಕೆಗಳು ಹೊರಬಂದವು. ಪಪೈರಸ್ ದುಬಾರಿ, ಕಲ್ಲಿನ ಚಕ್ಕೆ ಪುಕ್ಕಟೆ. ಹಾಗಾಗಿ ಸಾಲ, ಜಗಳ, ಬಟ್ಟೆ ಒಗೆಯುವವನ ಲೆಕ್ಕ, ಕತ್ತೆ ಬಾಡಿಗೆ ಎಲ್ಲವನ್ನೂ ಚಕ್ಕೆಯ ಮೇಲೆ ಗೀಚಿ ಎಸೆದಿದ್ದರು.

ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಅಂಥದೊಂದು ದೊಡ್ಡ ಚಕ್ಕೆ ಹಾಜರಿ ಪುಸ್ತಕ. ಎರಡನೇ ರಾಮ್ಸೆಸ್‌ನ ಆಳ್ವಿಕೆಯ 40ನೇ ವರ್ಷದ್ದು. 40 ಜನ ಕೆಲಸಗಾರರ ಹೆಸರು, ಗೈರುಹಾಜರಾದ ದಿನ, ಅದರ ಮೇಲೆ ಕೆಂಪು ಮಸಿಯಲ್ಲಿ ಕಾರಣ. ಕಾಯಿಲೆ, ಚೇಳು ಕಡಿತ, ಬಿಯರ್ ಮಾಡುವ ಕೆಲಸ, ಮನೆಯ ಹೆಂಗಸು ಮುಟ್ಟಾಗಿದ್ದಾಳೆ. ಇವುಗಳ ನಡುವೆಯೇ ತಾಯಿಯ ಶವ ಸುತ್ತುತ್ತಿದ್ದಾನೆ, ತೀರಿಕೊಂಡವರಿಗೆ ತರ್ಪಣ ಬಿಡುತ್ತಿದ್ದಾನೆ ಎಂಬ ಕಾರಣಗಳೂ ಬರುತ್ತವೆ. ಜಗತ್ತಿನ ಅತಿ ವೈಭವದ ಗೋರಿಗಳ ಕೆಲಸಕ್ಕೆ ಒಬ್ಬ ಕೆಲಸಗಾರ ಬಾರದಿದ್ದುದು ತನ್ನ ತಾಯಿಯ ಶವ ಸುತ್ತುತ್ತಿದ್ದ ಕಾರಣಕ್ಕೆ. ಗುಮಾಸ್ತ ಅದನ್ನೂ ಕಾರಣವೆಂದು ಬರೆದುಕೊಂಡಿದ್ದ.

ಎಪ್ಪತ್ತು ದಿನ

ಸಾವಿನಿಂದ ಸಮಾಧಿಯವರೆಗೆ ವಾಡಿಕೆಯಲ್ಲಿ 70 ದಿನ. ಕ್ರಿ.ಪೂ. ಐದನೇ ಶತಮಾನದ ಗ್ರೀಕ್ ಬರಹಗಾರ ಹೆರೊಡೋಟಸ್ ಕೂಡ ಇದೇ ಲೆಕ್ಕ ಕೊಡುತ್ತಾನೆ. ಉಳ್ಳವರ ಮನೆಯ ಶವವಾದರೆ ಮೂಗಿನ ಮೂಲಕ ಕೊಕ್ಕೆ ಹಾಕಿ ಮಿದುಳನ್ನು ತೆಗೆಯುತ್ತಿದ್ದರು. ಅದರ ಉಪಯೋಗ ಅವರಿಗೆ ಗೊತ್ತಿರಲಿಲ್ಲ, ಎಸೆಯುತ್ತಿದ್ದರು. ಎಡ ಪಕ್ಕೆಯಲ್ಲಿ ಸೀಳಿ ಕರುಳು, ಪಿತ್ತಜನಕಾಂಗ, ಶ್ವಾಸಕೋಶ, ಜಠರಗಳನ್ನು ಹೊರತೆಗೆದು ಬೇರೆ ಬೇರೆಯಾಗಿ ಕಾಪಿಡುತ್ತಿದ್ದರು. ಹೃದಯವನ್ನು ಮಾತ್ರ ಅದರ ಜಾಗದಲ್ಲೇ ಬಿಡುತ್ತಿದ್ದರು. ಬುದ್ಧಿ, ನೆನಪು, ಪಾಪಪುಣ್ಯ ಎಲ್ಲಕ್ಕೂ ಅದೇ ಮನೆ. ಆಮೇಲೆ ಮೈಯನ್ನು ನೇಟ್ರಾನ್ ಎಂಬ ಉಪ್ಪಿನಲ್ಲಿ ಹೂತು ಒಣಗಿಸಿ, ಎಣ್ಣೆ, ರಾಳ ಹಚ್ಚಿ, ಬಟ್ಟೆ ಸುತ್ತುವ ಕೆಲಸ.

ಇತ್ತ ಮನೆಯಲ್ಲಿ ಸೂತಕ. ಹೆಂಗಸರು ತಲೆಗೆ ಮಣ್ಣು ಬಳಿದುಕೊಂಡು ಎದೆ ಬಡಿದುಕೊಳ್ಳುತ್ತ ಊರಲ್ಲಿ ಸುತ್ತುವುದನ್ನು ಹೆರೊಡೋಟಸ್ ವಿವರಿಸುತ್ತಾನೆ. ದಿನವೂ ಮುಖ ನುಣ್ಣಗೆ ಬೋಳಿಸಿಕೊಳ್ಳುವ ಗಂಡಸರು ಆಗ ಕ್ಷೌರ ಬಿಡುತ್ತಿದ್ದರು. ದೇರ್ ಎಲ್-ಮದೀನಾದ ಕಲ್ಲಿನ ಚಕ್ಕೆಗಳ ಮೇಲೆ ಕುರುಚಲು ಗಡ್ಡದ ಮುಖಗಳ ರೇಖಾಚಿತ್ರಗಳಿವೆ. ಆ ಚುಕ್ಕೆಗಳು ದುಃಖದ ಗುರುತಿರಬಹುದು. ಹತ್ತಿರದ ಬೆಟ್ಟದಲ್ಲಿರುವ ಮಂತ್ರಿ ರಾಮೋಸೆಯ ಗೋರಿಯಲ್ಲಿ ಅಳುವ ಹೆಂಗಸರ ಗುಂಪಿನ ಚಿತ್ರವಿದೆ. ಎಲ್ಲರ ಕೈಗಳೂ ಮೇಲೆದ್ದಿವೆ, ಕಣ್ಣೀರು ಕೆನ್ನೆಯ ಮೇಲೆ ಸಾಲುಗಟ್ಟಿದೆ, ದೊಡ್ಡವರ ನಡುವೆ ಬರಿಮೈಯ ಪುಟ್ಟ ಹುಡುಗಿಯೊಬ್ಬಳಿದ್ದಾಳೆ. ಕೂಲಿ ಕೊಟ್ಟು ಅಳುವವರನ್ನು ಕರೆಸುವ ಪದ್ಧತಿಯೂ ಇತ್ತು. ಶವದ ತಲೆಯ ಬಳಿ ಒಬ್ಬಳು, ಕಾಲಿನ ಬಳಿ ಒಬ್ಬಳು, ಐಸಿಸ್ ಮತ್ತು ನೆಫ್ತಿಸ್ ದೇವಿಯರ ಪಾತ್ರ ವಹಿಸುತ್ತಿದ್ದರು. ಆ ಅಕ್ಕತಂಗಿಯರು ಕೊಲೆಯಾದ ದೇವ ಒಸಿರಿಸ್‌ನ ಮೈಯ ತುಂಡುಗಳನ್ನು ಹುಡುಕಿ ಕೂಡಿಸಿ, ಅತ್ತು ಅತ್ತು ಜೀವ ತಂದವರು. ಅಳು ಇಲ್ಲಿ ಶೋಕದ ಜೊತೆಗೆ ಒಂದು ಕಾರ್ಯ; ಸತ್ತವನನ್ನು ಎಬ್ಬಿಸುವುದರಲ್ಲಿ ಅದಕ್ಕೂ ಪಾಲಿತ್ತು.

ಗೋರಿಯ ಬಾಗಿಲಲ್ಲಿ ಕೊನೆಯ ವಿಧಿ ಬಾಯಿ ತೆರೆಸುವುದು. ಮಮ್ಮಿಯನ್ನು ನೆಟ್ಟಗೆ ನಿಲ್ಲಿಸಿ ಪುರೋಹಿತ ಬಾಚಿಯಿಂದ ಅದರ ಬಾಯಿ ಮುಟ್ಟುತ್ತಾನೆ. ಅಲ್ಲಿಂದ ಮುಂದೆ ಸತ್ತವನು ಉಣ್ಣಬಲ್ಲ, ಉಸಿರಾಡಬಲ್ಲ, ಮಾತಾಡಬಲ್ಲ. ಬಾಚಿ ಮರಗೆಲಸದವರ ಹತಾರ. ದಿನವೂ ಹತಾರ ಹಿಡಿದು ದುಡಿಯುತ್ತಿದ್ದ ಈ ಊರಿನವರಿಗೆ ಆ ವಿಧಿ ದೂರದ ಮಂತ್ರವಾಗಿ ತೋರಿರಲಾರದು.

ತಕ್ಕಡಿಯ ಮುಂದೆ

ಮನುಷ್ಯನೊಳಗೆ ಹಲವು ಪಾಲುಗಳಿವೆ ಎಂದು ಅವರು ಎಣಿಸಿದ್ದರು. ಎಡೆ ಉಣ್ಣುವ ಜೀವಶಕ್ತಿ ‘ಕಾ’. ಮನುಷ್ಯನ ತಲೆ, ಹಕ್ಕಿಯ ಮೈ ಇರುವ ‘ಬಾ’ ಹಗಲು ಗೋರಿಯಿಂದ ಹಾರಿಹೋಗಿ ಸಂಜೆಗೆ ಮೈಗೆ ಮರಳಬೇಕು. ನೆರಳು ಒಂದು ಪಾಲು, ಹೆಸರು ಒಂದು ಪಾಲು. ಪರೀಕ್ಷೆಯಲ್ಲಿ ಗೆದ್ದವನು ‘ಅಖ್’ ಆಗುತ್ತಾನೆ, ಎಂದರೆ ಇದ್ದವರಿಗೆ ಒಳಿತು ಕೆಡುಕು ಎರಡನ್ನೂ ಮಾಡಬಲ್ಲ ಶಕ್ತ ಆತ್ಮ.

ಪರೀಕ್ಷೆ ನಡೆಯುವುದು ಒಸಿರಿಸ್‌ನ ಸಭೆಯಲ್ಲಿ. ತಕ್ಕಡಿಯ ಒಂದು ತಟ್ಟೆಯಲ್ಲಿ ಹೃದಯ, ಇನ್ನೊಂದರಲ್ಲಿ ಸತ್ಯದೇವತೆ ಮಾತ್‌ಳ ಗರಿ. ಸುತ್ತ 42 ನ್ಯಾಯಕರ್ತರು. ಕೊಂದಿಲ್ಲ, ಕದ್ದಿಲ್ಲ, ತೂಕದಲ್ಲಿ ಮೋಸ ಮಾಡಿಲ್ಲ, ಹೊಲಕ್ಕೆ ಹೋಗುವ ನೀರು ತಡೆದಿಲ್ಲ ಎಂದು ಸತ್ತವನು ಒಂದೊಂದಾಗಿ ಹೇಳುತ್ತ ಹೋಗಬೇಕು. ಥಾತ್ ದೇವತೆ ಫಲಿತಾಂಶ ಬರೆದುಕೊಳ್ಳುತ್ತಾನೆ. ಹೃದಯ ಭಾರವಾಗಿ ತೂಗಿದರೆ, ಮೊಸಳೆಯ ತಲೆ, ಸಿಂಹದ ಮುಂಗಾಲು, ನೀರುಕುದುರೆಯ ಹಿಂಭಾಗವಿರುವ ಅಮ್ಮಿತ್ ಅದನ್ನು ನುಂಗುತ್ತಾಳೆ. ಅಲ್ಲಿಗೆ ಮುಗಿಯಿತು, ನಿರಂತರ ನರಕಕ್ಕಿಂತಲೂ ಅವರಿಗೆ ಭಯವಿದ್ದುದು ಹೀಗೆ ಇಲ್ಲವೇ ಇಲ್ಲವಾಗುವ ಎರಡನೇ ಸಾವಿನದು.

ಇಷ್ಟು ಗಂಭೀರವಾದ ನ್ಯಾಯಸ್ಥಾನಕ್ಕೆ ಹೋಗುವಾಗಲೂ ಅವರು ಒಂದಿಷ್ಟು ಜಾಣತನ ಕಟ್ಟಿಕೊಂಡೇ ಹೋಗುತ್ತಿದ್ದರು. ಎದೆಯ ಮೇಲೆ ಜೀರುಂಡೆಯಾಕಾರದ ಕಲ್ಲು. ಅದರ ಮೇಲೆ, ನನ್ನ ವಿರುದ್ಧ ಸಾಕ್ಷಿ ಹೇಳಬೇಡ ಎಂದು ಹೃದಯಕ್ಕೇ ಮಾಡಿಕೊಂಡ ಬಿನ್ನಹ. ಸತ್ತವರ ಪುಸ್ತಕ ಎಂದು ಈಗ ಕರೆಯುವ ಮಂತ್ರಸುರುಳಿಗಳು ಸಿದ್ಧಪ್ರತಿಗಳಾಗಿಯೂ ಸಿಗುತ್ತಿದ್ದವು. ಹೆಸರಿನ ಜಾಗ ಖಾಲಿ ಬಿಟ್ಟು, ಕೊಂಡವರ ಹೆಸರನ್ನು ಆಮೇಲೆ ತುಂಬುತ್ತಿದ್ದರು. ಸ್ವರ್ಗದ ಹೊಲದಲ್ಲಿ ಬಿಟ್ಟಿ ಕೆಲಸಕ್ಕೆ ಕರೆ ಬಂದರೆ ತಮ್ಮ ಬದಲು ಹೋಗಲಿ ಎಂದು ಶಬ್ತಿ ಎಂಬ ಬೊಂಬೆಗಳು. ತುಟಾಂಖಾಮನ್ ಗೋರಿಯಲ್ಲಿ ಇಂಥವು 413 ಸಿಕ್ಕಿವೆ. ಬದುಕಿರುವಾಗ ಫೇರೋಗೆ ಬಿಟ್ಟಿ ದುಡಿದ ರೈತಾಪಿ ದೇಶದ ಕನಸಿನಲ್ಲೂ ಬಿಟ್ಟಿಯ ಭಯ ಹೋಗಿರಲಿಲ್ಲ.

ಆ ಹೊಲದ ಅತಿ ಸುಂದರ ಚಿತ್ರ ಇದೇ ಊರಿನ ಸೆನ್ನೆಜೆಮ್ ಎಂಬ ಕೆಲಸಗಾರನ ಗೋರಿಯಲ್ಲಿದೆ. 1886ರಲ್ಲಿ ಅದು ಹಾಳಾಗದೆ ಸಿಕ್ಕಿತು. ಆಳೆತ್ತರದ ಬೆಳೆ, ಕಾಲುವೆ, ಹಣ್ಣಿನ ಮರಗಳು. ಸೆನ್ನೆಜೆಮ್ ನೇಗಿಲು ಹಿಡಿದಿದ್ದಾನೆ, ಹೆಂಡತಿ ಇಯಿನೆಫರ್ತಿ ಹಿಂದಿನಿಂದ ಬೀಜ ಚೆಲ್ಲುತ್ತಿದ್ದಾಳೆ. ಇಬ್ಬರೂ ಉಟ್ಟಿರುವುದು ಹಬ್ಬಕ್ಕೆ ಉಡುವಂಥ ಬಿಳಿ ಲಿನನ್. ರಾಜರು ಪಿರಮಿಡ್ ಕಟ್ಟುವುದನ್ನು ಬಿಟ್ಟು ಎಷ್ಟೋ ಕಾಲವಾಗಿದ್ದ ಆ ದಿನಗಳಲ್ಲಿ ಈ ಊರಿನವರು ರಜೆಯ ದಿನಗಳಲ್ಲಿ ಒಬ್ಬರಿಗೊಬ್ಬರು ನೆರವಾಗಿ ತಮ್ಮ ಗೋರಿಗಳ ಮೇಲೆ ಇಟ್ಟಿಗೆಯ ಪುಟ್ಟ ಪಿರಮಿಡ್ಡುಗಳನ್ನು ಕಟ್ಟಿಕೊಂಡರು.

ಖಾ ಮತ್ತು ಮೆರಿತ್

ಪಯಣಕ್ಕೆ ಏನೇನು ಕಟ್ಟಿಕೊಟ್ಟಿದ್ದರು ಎಂದು ನೋಡಬೇಕಾದರೆ ಇಟಲಿಯ ಟುರಿನ್‌ಗೆ ಹೋಗಬೇಕು. 1906ರಲ್ಲಿ ಪುರಾತತ್ತ್ವಜ್ಞ ಎರ್ನೆಸ್ಟೊ ಸ್ಕಿಯಾಪರೆಲ್ಲಿ ಈ ಊರಿನಲ್ಲಿ ಕಳ್ಳರು ಮುಟ್ಟದ ಗೋರಿಯೊಂದನ್ನು ಕಂಡರು. ಮೂರು ಫೇರೋಗಳ ಕಾಲದಲ್ಲಿ ಕಾಮಗಾರಿಗಳ ಮೇಲ್ವಿಚಾರಕನಾಗಿದ್ದ ಖಾ ಮತ್ತು ಅವನ ಹೆಂಡತಿ ಮೆರಿತ್ ಅಲ್ಲಿದ್ದರು. ಹಾಸಿಗೆ ಹಾಸಿದ ಮಂಚ, ಪೀಠಗಳು, ದೀಪ, ಆಟದ ಮಣೆ, ನಾನಾ ಆಕಾರದ ರೊಟ್ಟಿಗಳು, ಬೆಳ್ಳುಳ್ಳಿ, ದ್ರಾಕ್ಷಿ, ಉಪ್ಪು ಹಾಕಿದ ಮಾಂಸ, ಖಾನ ಗುರುತು ಹೊಲಿದ ಹತ್ತಾರು ಒಳಬಟ್ಟೆಗಳು, ಅಳತೆಗೋಲು. ಮೆರಿತ್‌ಳಿಗೆ ಸೌಂದರ್ಯ ಸಾಮಗ್ರಿಯ ಪೆಟ್ಟಿಗೆ, ಸುರುಳಿ ಕೂದಲಿನ ದೊಡ್ಡ ಟೋಪನ್.

ಮೆರಿತ್ ಗಂಡನಿಗಿಂತ ಮೊದಲೇ ಹೋದಳು. ಅವಳ ಶವಪೆಟ್ಟಿಗೆ ಇನ್ನೂ ಸಿದ್ಧವಿರಲಿಲ್ಲ. ಖಾ ತನಗೆಂದು ಮಾಡಿಸಿಟ್ಟಿದ್ದ ಪೆಟ್ಟಿಗೆಯನ್ನು ಕೊಟ್ಟ. ಅದು ಅವಳಿಗೆ ದೊಡ್ಡದಾಯಿತು, ಸಂದಿಗಳಲ್ಲಿ ಬಟ್ಟೆ ತುರುಕಬೇಕಾಯಿತು. ಇಬ್ಬರ ಮಮ್ಮಿಗಳನ್ನೂ ಬಿಚ್ಚದೆ ಎಕ್ಸ್-ರೇ, ಸಿ.ಟಿ. ಸ್ಕ್ಯಾನ್ ಮೂಲಕ ನೋಡಿದಾಗ ಒಳಾಂಗಗಳನ್ನು ತೆಗೆದೇ ಇಲ್ಲ ಎಂದು ಗೊತ್ತಾಯಿತು. ಇಷ್ಟು ಅನುಕೂಲಸ್ಥರ ಮನೆಯಲ್ಲೂ ಶಾಸ್ತ್ರ ಗ್ರಂಥದಲ್ಲಿದ್ದಂತೆ ನಡೆಯಲಿಲ್ಲ. ಆದರೆ ರೊಟ್ಟಿ, ಬಟ್ಟೆ, ಬಾಚಣಿಗೆಯಲ್ಲಿ ಒಂದೂ ತಪ್ಪಲಿಲ್ಲ.

ಹೂತವನಿಗೆ ಆಸ್ತಿ

ಇದಕ್ಕೆಲ್ಲ ಖರ್ಚು ಬೇಕು. ಈ ಊರಿನ ಸಾಮಾನ್ಯ ಕೆಲಸಗಾರನಿಗೆ ತಿಂಗಳಿಗೆ ಐದೂವರೆ ಮೂಟೆ ಧಾನ್ಯದ ಪಡಿ ಸಿಗುತ್ತಿತ್ತು. ತಾಮ್ರದ ಲೆಕ್ಕದಲ್ಲಿ, ದೆಬೆನ್ ಎಂಬ ತೂಕದಲ್ಲಿ ಹೇಳಿದರೆ, ಸುಮಾರು 11 ದೆಬೆನ್. ಸಾಧಾರಣ ಶವಪೆಟ್ಟಿಗೆಯ ಬೆಲೆ 20ರಿಂದ 40 ದೆಬೆನ್. ಮೂರನೇ ರಾಮ್ಸೆಸ್‌ನ 29ನೇ ವರ್ಷದಲ್ಲಿ ಪಡಿ ತಡವಾದಾಗ ಇದೇ ಜನ ಹಸಿವೆಂದು ಕೂಗುತ್ತ ಕೆಲಸ ನಿಲ್ಲಿಸಿ ದೇವಾಲಯಗಳ ಹಿಂದೆ ಧರಣಿ ಕೂತರು. ದಾಖಲೆಯಲ್ಲಿರುವ ಮುಷ್ಕರಗಳಲ್ಲಿ ಅದೇ ಮೊದಲನೆಯದು ಎನ್ನುತ್ತಾರೆ.

ಹೀಗಿರುವಾಗ ಯಾರು ಹೂಳಬೇಕು ಎಂಬುದು ಆಸ್ತಿಯ ಪ್ರಶ್ನೆಯೂ ಆಗುತ್ತಿತ್ತು. ತಾಯಿಯ ಅಂತ್ಯಕ್ರಿಯೆಯನ್ನು ತಾನೊಬ್ಬನೇ ಮಾಡಿದೆ, ಒಡಹುಟ್ಟಿದವರು ಕೈಹಾಕಲಿಲ್ಲ ಎಂದು ಮಗನೊಬ್ಬ ಹಕ್ಕು ಸಾಧಿಸಿದ ಪಪೈರಸ್ ಉಳಿದಿದೆ. ಹೂತವನಿಗೆ ಆಸ್ತಿ ಎಂಬುದು ಫೇರೋನ ಕಟ್ಟಳೆ ಎಂದು ಅದರಲ್ಲಿ ಉಲ್ಲೇಖವಿದೆ. ಐದನೇ ರಾಮ್ಸೆಸ್‌ನ ಕಾಲದಲ್ಲಿ ನೌನಖ್ತೆ ಎಂಬ ಮುದುಕಿ ಊರಿನ ಪಂಚಾಯ್ತಿಯ ಮುಂದೆ ನಿಂತು ಉಯಿಲು ಬರೆಸಿದಳು. ಎಂಟು ಮಕ್ಕಳನ್ನು ಸಾಕಿ ಸಂಸಾರ ಹೂಡಿಕೊಟ್ಟೆ, ಮುಪ್ಪಿನಲ್ಲಿ ಕೈಹಿಡಿದವರಿಗೆ ನನ್ನ ಸೊತ್ತು, ಹಿಡಿಯದವರಿಗಿಲ್ಲ ಎಂದು ಹೇಳಿ ನಾಲ್ವರನ್ನು ತನ್ನ ಪಾಲಿನಿಂದ ಹೊರಗಿಟ್ಟಳು. ಮುಪ್ಪಿನಲ್ಲೇ ನೋಡದವರು ಸತ್ತ ಮೇಲೆ ನೀರು ಬಿಡುತ್ತಾರೆಯೇ ಎಂಬ ಲೆಕ್ಕ ಅವಳಿಗೂ ಇದ್ದಿರಬೇಕು.

ಮನೆಯೊಳಗಿನ ಹಿರಿಯರು

ಸಮಾಧಿಯಾದ ಮೇಲೂ ಸತ್ತವರು ದೂರ ಹೋಗುತ್ತಿರಲಿಲ್ಲ. ಈ ಊರಿನ ಮನೆಗಳ ಮುಂದಿನ ಕೋಣೆಗಳಲ್ಲಿ ಗೂಡುಗಳಿದ್ದವು. ಹಿರಿಯರ ತಲೆಯಿಂದ ಎದೆಯವರೆಗಿನ ಪುಟ್ಟ ವಿಗ್ರಹಗಳು, ಕೈಯಲ್ಲಿ ಕಮಲ ಹಿಡಿದು ಕೂತ ಹಿರಿಯನ ಶಿಲಾಫಲಕಗಳು ಇಲ್ಲಿ ಬಹಳ ಸಿಕ್ಕಿವೆ. ಅವರ ಮುಂದೆ ರೊಟ್ಟಿ, ನೀರು ಇಡುತ್ತಿದ್ದರು. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವ ನಮ್ಮ ಮನೆಗಳವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ವರ್ಷಕ್ಕೊಮ್ಮೆ ಕಣಿವೆಯ ಹಬ್ಬ. ಕಾರ್ನಾಕ್‌ನಿಂದ ಅಮುನ್ ದೇವರ ತೆಪ್ಪ ನೈಲ್ ದಾಟಿ ಪಶ್ಚಿಮಕ್ಕೆ ಬರುತ್ತಿತ್ತು. ಸಂಸಾರಗಳು ಹೂಮಾಲೆ, ಊಟ, ಮದ್ಯ ಹೊತ್ತು ತಮ್ಮವರ ಗೋರಿಗಳಿಗೆ ಹೋಗಿ, ಅಲ್ಲೇ ಉಂಡು ಕುಡಿದು ಹಾಡಿ ರಾತ್ರಿ ಕಳೆಯುತ್ತಿದ್ದವು. ಮಕ್ಕಳಿಲ್ಲದವರ ಗತಿ? ಗೋರಿಯ ಗೋಡೆಗಳ ಮೇಲೆ ದಾರಿಹೋಕರಿಗೇ ಕೋರಿಕೆ ಕೆತ್ತಿಸಿದವರಿದ್ದರು: ಕೈಯಲ್ಲೇನೂ ಇಲ್ಲದಿದ್ದರೆ ಬೇಡ, ಸಾವಿರ ರೊಟ್ಟಿ, ಸಾವಿರ ಕೊಡ ಬಿಯರ್ ಎಂದು ಬಾಯಲ್ಲಿ ಹೇಳಿ ಸಾಕು, ನಿಮಗೆ ಖರ್ಚಾಗುವುದು ಉಸಿರಷ್ಟೇ.

ಇಷ್ಟು ಮಾಡಿದ ಮೇಲೆ ಅವರಿಂದಲೂ ಕೆಲಸ ಆಗಬೇಕು. ಕೈರೋದಲ್ಲಿರುವ ಬಟ್ಟಲೊಂದರಲ್ಲಿ ದೆದಿ ಎಂಬ ಹೆಂಗಸು ಸತ್ತುಹೋದ ಪುರೋಹಿತ ಇಂತೆಫ್‌ಗೆ ಬರೆದ ಕಾಗದವಿದೆ. ಮನೆಗೆಲಸದ ಹುಡುಗಿ ಇಮಿಯು ಕಾಯಿಲೆ ಬಿದ್ದಿದ್ದಾಳೆ, ನೀನೇಕೆ ಅವಳಿಗಾಗಿ ಹಗಲಿರುಳು ಕಾದಾಡುತ್ತಿಲ್ಲ, ಅವಳಿಲ್ಲದಿದ್ದರೆ ನಿನ್ನ ಮನೆ ಹಾಳಾಗುತ್ತದೆ, ಆಮೇಲೆ ನಿನಗೆ ನೀರು ಬಿಡುವವರಾರು ಎಂಬ ಧಾಟಿ. ಬಟ್ಟಲಲ್ಲಿ ಎಡೆ, ಬಟ್ಟಲಿಗೇ ಬರಹ. ಉಂಡವನು ಓದದೆ ಏಳುವ ಹಾಗಿಲ್ಲ.

ಕಳ್ಳರು, ಸಂಶಯವಾದಿಗಳು

ಎಲ್ಲರೂ ಕಣ್ಣುಮುಚ್ಚಿ ನಂಬಿದ್ದರೇ? ಇಲ್ಲ. ಗೋರಿಯ ಔತಣದಲ್ಲಿ ಕುರುಡ ವೀಣೆಗಾರ ಹಾಡುವುದಾಗಿ ಚಿತ್ರಿಸಿದ ಹಾಡುಗಳಲ್ಲೊಂದು, ಅಲ್ಲಿಂದ ಯಾರೂ ಮರಳಿ ಬಂದು ಸುದ್ದಿ ಹೇಳಿದ್ದಿಲ್ಲ, ಮಹಾಜ್ಞಾನಿಗಳ ಗೋರಿಗಳೇ ಕುಸಿದಿವೆ, ಇರುವಷ್ಟು ದಿನ ಸುಖವಾಗಿರು ಎಂಬ ಅರ್ಥದ್ದು. ಅಚ್ಚರಿಯೆಂದರೆ ಅದನ್ನು ಗೋರಿಯ ಗೋಡೆಯ ಮೇಲೇ ಬರೆಸಿಕೊಂಡವರಿದ್ದರು.

ಇನ್ನು ಕೆಲವರ ಸಂಶಯ ಕೈಯಲ್ಲಿತ್ತು. ಒಂಬತ್ತನೇ ರಾಮ್ಸೆಸ್‌ನ ಕಾಲದಲ್ಲಿ, ಸುಮಾರು ಕ್ರಿ.ಪೂ. 1110ರಲ್ಲಿ, ಅಮೆನ್‌ಪನೂಫರ್ ಎಂಬ ಕಲ್ಲುಕುಟಿಗ ತನಿಖೆಯಲ್ಲಿ ಬಾಯಿಬಿಟ್ಟ. ಅವನೂ ಗೆಳೆಯರೂ ಶತಮಾನಗಳ ಹಿಂದಿನ ರಾಜ ಸೋಬೆಕೆಮ್‌ಸಾಫ್ ಮತ್ತು ಅವನ ರಾಣಿಯ ಗೋರಿ ಕೊರೆದು ಚಿನ್ನವೆಲ್ಲ ಕಿತ್ತು, ಪೆಟ್ಟಿಗೆಗಳಿಗೆ ಬೆಂಕಿಯಿಟ್ಟರು. 160 ದೆಬೆನ್ ಚಿನ್ನ. ಎಂಟು ಜನರಿಗೆ ತಲಾ 20. ಅವನು ಸಿಕ್ಕಿಬಿದ್ದಾಗ ತನ್ನ ಪಾಲನ್ನು ಗುಮಾಸ್ತನಿಗೆ ಕೊಟ್ಟು ಬಿಡಿಸಿಕೊಂಡ, ಮರಳಿ ಬಂದ, ಗೆಳೆಯರು ಅವನಿಗೆ ಪಾಲು ಮತ್ತೆ ಹಂಚಿದರು, ಕಳವು ಮುಂದುವರಿಯಿತು. ದೊರೆಯ ಮೈ ಸುಟ್ಟರೆ ಅವನ ಪರಲೋಕವೇ ಸುಟ್ಟಂತೆ ಎಂಬುದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಅವರ ಹೊಟ್ಟೆಗೂ ಸಿಗುತ್ತಿದ್ದ ಪಡಿಗೂ ನಡುವಿನ ಅಂತರ ಆ ಹೊತ್ತಿಗೆ ಬಹಳ ಬೆಳೆದಿತ್ತು.

ಬುತೆಹಮುನ್ ಬರೆದದ್ದು

ಕ್ರಿ.ಪೂ. 1070ರ ಸುಮಾರಿಗೆ ರಾಮ್ಸೆಸ್ ದೊರೆಗಳ ಆಳ್ವಿಕೆ ಕುಸಿಯಿತು, ರಾಜರ ಕಣಿವೆಯಲ್ಲಿ ಹೊಸ ಗೋರಿ ಕೊರೆಯುವುದು ನಿಂತಿತು. ಊರಿನವರು ಅಷ್ಟರಲ್ಲಾಗಲೇ ಭದ್ರತೆಗಾಗಿ ಮೆದಿನೆತ್ ಹಬು ದೇವಾಲಯದ ಕೋಟೆಯೊಳಗೆ ಸೇರಿಕೊಂಡಿದ್ದರು. ಅವರ ಲಿಪಿಕಾರ ಬುತೆಹಮುನ್. ಅವನ ಮನೆಯ ಕಂಬಗಳು ಇಂದಿಗೂ ಅಲ್ಲಿ ನಿಂತಿವೆ. ವಂಶಪಾರಂಪರ್ಯವಾಗಿ ಗೋರಿ ಕಟ್ಟಿಸುತ್ತಿದ್ದ ಮನೆತನದವನಿಗೆ ಈಗ ಬಂದ ಕೆಲಸ ತಿರುವುಮುರುವಾದದ್ದು. ಕೊಳ್ಳೆಹೋದ ಗೋರಿಗಳಿಂದ ರಾಜರ ಮೈಗಳನ್ನು ಹೊರತಂದು ಹೊಸ ಬಟ್ಟೆ ಸುತ್ತಿಸುವುದು. ಮೂರನೇ ರಾಮ್ಸೆಸ್‌ನ ಮಮ್ಮಿಗೆ ಸುತ್ತಿದ ಬಟ್ಟೆಯ ಮೇಲಿನ ಟಿಪ್ಪಣಿಯಲ್ಲಿ ಅವನ ಹೆಸರಿದೆ. ಉಳಿದಿದ್ದ ಚಿನ್ನವನ್ನು ಆಡಳಿತವೇ ಬೊಕ್ಕಸಕ್ಕೆ ತೆಗೆದುಕೊಂಡಿತು ಎಂದು ಹಲವು ವಿದ್ವಾಂಸರು ಊಹಿಸುತ್ತಾರೆ. ಮುಂದೆ ಈ ಮಮ್ಮಿಗಳಲ್ಲಿ ಹಲವನ್ನು ಗುಹೆಯೊಂದರಲ್ಲಿ ಒಟ್ಟಾಗಿ ಬಚ್ಚಿಟ್ಟರು. ದೇರ್ ಎಲ್-ಬಹ್ರಿಯ ಬಳಿಯ ಆ ಗುಹೆ 1881ರಲ್ಲಿ ಅಧಿಕಾರಿಗಳ ಕಣ್ಣಿಗೆ ಬಿತ್ತು. 2021ರ ಏಪ್ರಿಲ್ 3ರಂದು ಕೈರೋದ ಬೀದಿಗಳಲ್ಲಿ ಮೆರವಣಿಗೆಯಲ್ಲಿ ಹೊಸ ವಸ್ತುಸಂಗ್ರಹಾಲಯಕ್ಕೆ ಸಾಗಿದ 22 ರಾಜರಾಣಿಯರಲ್ಲಿ ಬುತೆಹಮುನ್ ಬಟ್ಟೆ ಸುತ್ತಿಸಿದ ಮೂರನೇ ರಾಮ್ಸೆಸ್‌ನೂ ಇದ್ದ.

ಬುತೆಹಮುನ್‌ನ ಹೆಂಡತಿ ಇಖ್ತಾಯ್ ಅವನಿಗಿಂತ ಮೊದಲು ತೀರಿಕೊಂಡಳು. ಅವನು ಸುಣ್ಣಕಲ್ಲಿನ ಚಕ್ಕೆಯ ಮೇಲೆ ಒಂದು ಕಾಗದ ಬರೆದ. ಅದೀಗ ಪ್ಯಾರಿಸ್‌ನ ಲೂವ್ರ್‌ನಲ್ಲಿದೆ. ವಿಳಾಸ ಅವಳ ಶವಪೆಟ್ಟಿಗೆಗೆ. ನಿನ್ನೊಳಗೆ ಮಲಗಿರುವವಳಿಗೆ ನನ್ನ ಮಾತು ಮುಟ್ಟಿಸು ಎಂದು ಪೆಟ್ಟಿಗೆಯನ್ನು ಬೇಡಿಕೊಳ್ಳುತ್ತಾನೆ. ಅವಳ ಚೆಲುವನ್ನು, ಅವಳಲ್ಲಿ ಕುಂದೇ ಇರಲಿಲ್ಲವೆಂಬುದನ್ನು ಹೇಳುತ್ತಾನೆ. ನೀನಿರುವಲ್ಲಿ ನನ್ನ ದನಿ ಕೇಳಿಸುವುದಾದರೆ ಅಲ್ಲಿಯ ಒಡೆಯರಿಗೆ ನನ್ನ ಪರವಾಗಿ ಹೇಳು ಎಂದು ಕೋರುತ್ತಾನೆ.

ಕೇಳಿಸುವುದಾದರೆ ಎಂಬ ಅನುಮಾನ ಅವನಿಗೆ ಪುಸ್ತಕದಿಂದ ಬಂದದ್ದಲ್ಲ. ದೇವರೆಂದು ಪೂಜಿಸಿಕೊಂಡ ರಾಜರ ಪೆಟ್ಟಿಗೆಗಳನ್ನು ತೆರೆದು, ಮುರಿದ ಮೂಳೆ, ಹರಿದ ಬಟ್ಟೆಗಳನ್ನು ಕೈಯಾರೆ ಮುಟ್ಟಿದ್ದವನು ಅವನು. ಎಷ್ಟು ಮಂತ್ರ, ಎಷ್ಟು ಕಲ್ಲು, ಎಷ್ಟು ಚಿನ್ನ ಸುರಿದರೂ ಗೋರಿ ಯಾರನ್ನೂ ಕಾಯಲಿಲ್ಲ ಎಂಬುದನ್ನು ಆ ಕಾಲದಲ್ಲಿ ಅವನಷ್ಟು ಚೆನ್ನಾಗಿ ಬಲ್ಲವರು ವಿರಳ. ಅವನ ಜನ ಸಾವಿನ ಸುತ್ತ ಕಟ್ಟಿದ್ದ ವ್ಯವಸ್ಥೆಯಲ್ಲಿ ರಾಜನ ಪಾಲು ಕಣ್ಣೆದುರೇ ಕುಸಿದಿತ್ತು. ಇದ್ದವರು ಸತ್ತವರಿಗೆ ಸಲ್ಲಿಸಬೇಕಾದ ಮಾತು, ನೀರು, ರೊಟ್ಟಿಯ ಪಾಲು ಕುಸಿಯಲಿಲ್ಲ, ಏಕೆಂದರೆ ಅದಕ್ಕೆ ಉತ್ತರದ ಖಾತರಿ ಬೇಕಿರಲಿಲ್ಲ. ಹೆಂಡತಿಯ ಗುಣವನ್ನು ಅವಳಿಗೆ ಹೇಳುವುದು ಬಾಕಿಯಿತ್ತು, ಬುತೆಹಮುನ್ ಹೇಳಿದ.